ನಾಲೆಯಾಚೆಯ ಪೊದೆಗಳು

"ಸೆರಗಿನಾಗೆ ಏನೈತೆ ಅಜ್ಜಿ? ತೆಗಿ ಹೊರಗೆ!"

ಗಿರಿಯಮ್ಮ ತೆಗೆದಳು. ಕುಡುಗೋಲು. ಬಕ್ಕೇಶಪ್ಪ ಮರಕ್ಕೆ ಅಡ್ಡ ನಿಂತ.

"ಮರದ ಮೇಲಿನ ನಂಬರ್ ಕೆರೆಯಾಕೆ ತಂದೀಯ, ಅಲ್ಲ?"

"ನಿಮ್ಮ ನಂಬರ್ ಒಂದನ್ನೂ ನಾ ಮುಟ್ಟಂಗಿಲ್ರೀ ಸಾಹೇಬ್ರೆ. ಇದು ಹುಲ್ಲು ಕೊಯ್ಯಾಕೆ. ಆದ್ರೆ ಒಂದು ಹೇಳ್ತೀನಿ ಕೇಳ್ರಿ, ನಮ್ಮ ಹುಣಸೆಮರ ಕಡಿಯಾಕೂ ಬಿಡಂಗಿಲ್ಲ."

ಬಾತಿಯಿಂದ ಹರಿಹರದ ಕಡೆಗೆ ಹೋಗುವ ಆ ರಸ್ತೆ ಅಗಲವಾಗಲಿತ್ತು. ಅದರಿಂದ ಪರಿಸರಕ್ಕೆ ಏನೇನು ಪೆಟ್ಟು ಎಂದು ವರದಿ ಬರೆಯುವ ಕಂಪನಿಯಲ್ಲಿ ಬಕ್ಕೇಶಪ್ಪ ಸೂಪರ್‌ವೈಸರ್. ಕಡಿಯಬೇಕಾದ ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಪಟ್ಟಿ ಮಾಡುವುದು ಅವನ ಕೆಲಸ. ಪಟ್ಟಿ ನಲವತ್ತೆಂಟಕ್ಕೆ ನಿಂತಿತ್ತು. ತಾನಾಗಿ ನಿಂತದ್ದಲ್ಲ, ಅವನೇ ನಿಲ್ಲಿಸಿದ್ದು. ಐವತ್ತು ದಾಟಿದರೆ ಊರವರನ್ನು ಕರೆದು ಅಹವಾಲು ಕೇಳಬೇಕು. ಕೇಳುತ್ತ ಕೂತರೆ ರಸ್ತೆ ಆಗುವುದು ಯಾವಾಗ? ಹಾಗಾಗಿ ರಸ್ತೆಗೆ ಅಡ್ಡ ಬರುವ ನಾಲೆಯವರೆಗಿನ ಮರಗಳನ್ನಷ್ಟೇ ಎಣಿಸಿ, ಆಚೆಯ ಸಾಲನ್ನೆಲ್ಲ ಒಂದೇ ಪದದಲ್ಲಿ ಮುಗಿಸಿದ್ದ: ಪೊದೆ. ಒಬ್ಬರ ತೆಕ್ಕೆಗೆ ಸಿಗದ ಪೊದೆಗಳು! ಕೂತಲ್ಲೇ ಮರವನ್ನು ಪೊದೆ ಮಾಡುವ ವಿದ್ಯೆ ಯಾವ ಮಂತ್ರವಾದಿಗೂ ಬಾರದು.

ಇನ್ನು ಮೂರೇ ದಿನ. ಶುಕ್ರವಾರ ಅರಣ್ಯ ಇಲಾಖೆಯ ಅಧಿಕಾರಿ ಬಂದು ಮರದ ನಂಬರನ್ನು ಪಟ್ಟಿಯೊಂದಿಗೆ ತಾಳೆ ನೋಡಲಿದ್ದರು. ಒಂದು ನಂಬರ್ ಅಳಿಸಿದ್ದರೂ ಮತ್ತೆ ಮೊದಲಿನಿಂದ ಎಣಿಕೆ. ಮತ್ತೆ ಎಣಿಸಲು ಬರುವವರು ನಾಲೆಯ ಹತ್ತಿರವೇ ನಿಲ್ಲುತ್ತಾರೆಂದು ಏನು ಖಾತ್ರಿ?

ನಲವತ್ತೆಂಟನೆಯ ಮರದಡಿ ಕುರ್ಚಿ ಹಾಕಿಕೊಂಡು ಅವನೇ ಕಾವಲು ಕೂತ. ಎದುರಿಗೆ, ನಾಲೆಯ ಸೇತುವೆ ದಾಟಿದ ಕೂಡಲೇ ಸಿಗುವ ಮರದಡಿ ಗಿರಿಯಮ್ಮ ಕೂತಳು. ಕಾಂಡಕ್ಕೆ ತನ್ನ ಕರಿ ಕಂಬಳಿ ಸುತ್ತಿದಳು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

"ಇದು ನನ್ನ ಜಾಗ. ಇಲ್ಲೇ ಧರಣಿ" ಎಂದಳು.

"ಕೂಡು. ನೀನು ಸೇತುವೆ ದಾಟಿ ಈಚೆ ಬಂದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ."

"ಮಾಡ್ರಿ. ನಲವತ್ತೈದು ವರ್ಷದ ಹಿಂದೆ ಇವನ್ನ ನೆಟ್ಟೋರು ರಸ್ತೆ ಗ್ಯಾಂಗಿನ ಹೆಣ್ಣಾಳುಗಳು, ನಾವು. ಮೂರು ಬ್ಯಾಸಿಗೆ ಕೊಡ ಹೊತ್ತೀವಿ. ಮನ್ಯಾಗಿನ ಕೂಸಿಗೆ ನೀರು ಕುಡಿಸೋದು ಮರ್ತಿರಬೋದು, ಇವಕ್ಕೆ ಮರ್ತಿಲ್ಲ. ಹಣ್ಣಿನ ಹರಾಜಿಗೆ ವರ್ಷಾ ವರ್ಷ ಮರ ಎಣಿಸಿ ಗುರ್ತು ಹಾಕ್ತಿದ್ದೋರೂ ನಾವೇ. ಲೆಕ್ಕಕ್ಕಿಲ್ಲದ ಮರಕ್ಕೆ ದಿಕ್ಕಿಲ್ಲ ಸಾಹೇಬ್ರೆ."

ಅವನು ಮುಖ ತಿರುಗಿಸಿದ. ಮುದುಕಿ ಬಿಡುವವಳಲ್ಲ.

"ಬಣ್ಣ ಗಟ್ಟಿ ಐತ್ರೀ. ಯಾವ ಅಂಗಡೀದು?"

"ಮಂಡಿಪೇಟೆದು. ನಿನ್ನ ಕುಡುಗೋಲು ಸವೆದ್ರೂ ಅದು ಹೋಗಲ್ಲ."

"ಹಂಗಿರ್ಬೇಕು ನೋಡ್ರಿ." ಅವಳು ಮೆಚ್ಚಿ ತಲೆದೂಗಿದಳು. "ಕಡೇ ನಂಬರ್ ಇದೇನಾ?"

"ನಲವತ್ತೆಂಟು. ಇದ್ರ ಮುಂದೆ ಒಂದೂ ಇಲ್ಲ."

ಗಿರಿಯಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. ಆ ನಗು ಅವನಿಗೆ ಹಿಡಿಸಲಿಲ್ಲ.

ಬುಧವಾರ, ಗುರುವಾರ ಹೀಗೇ ಕಳೆದವು. ಬೆಳಿಗ್ಗೆ ಅವನು ಬರುವಷ್ಟರಲ್ಲಿ ಅವಳು ಮರಕ್ಕೆ ಕಂಬಳಿ ಸುತ್ತಿ ಕೂತಿರುತ್ತಿದ್ದಳು. ಅವನು ಚಹಾಕ್ಕೆ ಎದ್ದರೆ ಅವಳೂ ಎದ್ದು ಸೆರಗು ಕೊಡವುತ್ತಿದ್ದಳು. ಅವನು ಹಾಗೇ ಕುಸಿದು ಕೂರುತ್ತಿದ್ದ. ಒಂದು ಗಳಿಗೆಯೂ ಅವಳ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳ ಹಳೆಯ ಗ್ಯಾಂಗಿನ ಯಲ್ಲಕ್ಕ, ಲಕ್ಷ್ಮೀದೇವಿ ಮತ್ತೆ ನಾಲ್ಕೈದು ಹೆಂಗಸರು ದಿನಾ ಬುಟ್ಟಿ ಹೊತ್ತು ಸೇತುವೆ ದಾಟಿ, ತಿರುವಿನಾಚೆಗೆ ಹುಲ್ಲಿಗೆ ಹೋಗುತ್ತಿದ್ದರು. ಅವರನ್ನು ತಡೆಯಲು ಅವನಿಗೆ ಕಾರಣವಿರಲಿಲ್ಲ. ಆಚೆಗೆ ಅವನ ನಂಬರೇ ಇರಲಿಲ್ಲವಲ್ಲ. ಒಮ್ಮೆ ಯಲ್ಲಕ್ಕ ದಣಿದು ಬುಟ್ಟಿ ಇಳಿಸಿದಾಗ ತಾನೇ ಎತ್ತಿ ತಲೆಗೇರಿಸಿದ.

"ಏನವ್ವ, ಇಷ್ಟು ಭಾರ?"

"ಮಜ್ಜಿಗಿ ಗಡಿಗೇರಿ." ಅವಳ ಉಗುರೆಲ್ಲ ಕೆಂಪು. ಎಲೆ ಅಡಿಕೆ ಜಾಸ್ತಿಯಾಯಿತು ಇವರಿಗೆ, ಅಂದುಕೊಂಡ.

ಶುಕ್ರವಾರ ಹನ್ನೊಂದಕ್ಕೆ ಜೀಪು ಬಂತು. ಅಧಿಕಾರಿ ಸಹನಾ ಬಾತಿಯ ಕಡೆಯಿಂದ ಒಂದೊಂದೇ ಮರ ನೋಡುತ್ತ, ಪಟ್ಟಿಗೆ ಗುರುತು ಹಾಕುತ್ತ ಬಂದರು. ಒಂದರಿಂದ ನಲವತ್ತೆಂಟು. ಒಂದಂಕಿಯೂ ಮಾಸಿರಲಿಲ್ಲ. ಬಕ್ಕೇಶಪ್ಪನಿಗೆ ಮೂರು ದಿನದ ಬೆನ್ನುನೋವು ಒಮ್ಮೆಗೇ ಇಳಿಯಿತು. ಎದುರು ಕೂತ ಮುದುಕಿಯ ಕಡೆ ಗೆದ್ದವನ ಹಾಗೆ ನೋಡಿದ.

"ನಂಬರ್ ಹಾಕಿದ ಮರ ಒಂದನ್ನೂ ನಾನು ಎಣಿಕೆಯಿಂದ ಬಿಡೋ ಹಾಗಿಲ್ಲ" ಎಂದರು ಸಹನಾ, ಪೆನ್ನಿನ ಕ್ಯಾಪ್ ಹಾಕುತ್ತ. "ಇಷ್ಟೇನಾ? ಮುಂದೆ?"

"ಪೊದೆ, ಮೇಡಂ. ಬರೀ ಪೊದೆ. ನೋಡೋದೇನೂ ಇಲ್ಲ."

ಗಿರಿಯಮ್ಮ ಮೊಣಕಾಲು ಹಿಡಿದು ಎದ್ದಳು.

"ನನ್ನ ಧರಣಿ ಮುಗೀತ್ರೀ ಮೇಡಂ. ಕಂಬಳಿ ತಗೊಂಡು ಹೊಕ್ಕೀನಿ."

ಕಂಬಳಿ ಜಾರಿತು. ಕಾಂಡದ ಮೇಲೆ, ಎದೆಯ ಮಟ್ಟದಲ್ಲಿ, ಮಂಡಿಪೇಟೆಯ ಅದೇ ಕೆಂಪು ಬಣ್ಣದಲ್ಲಿ, 49.

ಸಹನಾ ಪೆನ್ನಿನ ಕ್ಯಾಪ್ ಮತ್ತೆ ತೆಗೆದರು. ಅದು ನಮ್ಮ ನಂಬರಲ್ಲ ಎನ್ನಲು ಬಕ್ಕೇಶಪ್ಪ ಬಾಯಿ ತೆರೆದ. ಹಾಗೆಂದರೆ ಅದು ಪೊದೆಯಲ್ಲ, ಮರವೆಂದಾದರೂ ಒಪ್ಪಬೇಕು.

ಆಗ ತಿರುವಿನಾಚೆಯಿಂದ ಯಲ್ಲಕ್ಕನ ಕೂಗು ಕೇಳಿಸಿತು: "ಗಿರಿಯಮ್ಮಾ, ನೂರಾ ಮೂವತ್ತೇಳನೇದ್ರ ಬಣ್ಣಾನೂ ಒಣಗೇತೆ! ಮೇಡಮ್ಮೋರನ್ನ ಕರ್ಕೊಂಡು ಬಾ!"