ಮುಚ್ಚಳದ ಕೈತೊಟ್ಟಿಲು

ದಾಕ್ಷಾಯಣಿ ಕೈತೊಟ್ಟಿಲಿನಿಂದ ಅಲಂಕಾರದ ದಿಂಬನ್ನು ತೆಗೆದಿಟ್ಟು, ಹಾಸಿಗೆ ಗಟ್ಟಿಯಿದೆಯೇ ಎಂದು ಅಂಗೈಯಿಂದ ಒತ್ತಿ ನೋಡುತ್ತಿದ್ದಳು. ಮಗಳು ಅವಳ ಮೊಣಕೈ ಪಕ್ಕದಲ್ಲೇ, ಎಲ್ಲ ಹಸುಗೂಸುಗಳ ಹಾಗೆ, ಮುಷ್ಟಿ ಚೀಪುತ್ತ ಗಾಳಿಯಲ್ಲಿ ತೇಲುತ್ತಿದ್ದಳು.

ಒಂದನ್ನು ಆರಿಸಿಕೊಳ್ಳಲೆಂದು ಅಂಗಡಿಯವನು ಎರಡು ಕೈತೊಟ್ಟಿಲು ಬಿಟ್ಟುಹೋಗಿದ್ದ. ತೇಲುವ ಕೂಸಿಗೆ ಬಲೆಯ ಮುಚ್ಚಳದ್ದು, ಭಾರ ಬಂದು ಇಳಿದ ಕೂಸಿಗೆ ತೆರೆದದ್ದು. ಮೂರನೆಯ ತಿಂಗಳಲ್ಲಿ ಎಂದೋ ಒಂದು ದಿನ ಕೂಸು ಇಳಿಯುತ್ತದೆ. ಇಳಿದ ಮರುದಿನವೇ ಹೆರಿಗೆ ರಜೆ ಮುಗಿದು, ದಾಕ್ಷಾಯಣಿ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಮರಳಬೇಕು, ಮಗಳನ್ನು ಡಿಪೋದ ಶಿಶುಮನೆಯಲ್ಲಿ ಬಿಟ್ಟು.

"ಯಾವ್ದು ಇಟ್ಕೋತೀಯವಾ? ಸಂಜಿಗೆ ಅಂವ ಬರ್ತಾನ," ಒಳಗಿನಿಂದ ಅವ್ವ ಪಾರವ್ವ ಕೂಗಿದಳು. "ನೀ ಕೂಸಿದ್ದಾಗ ನಿನ್ನ ಉಡದಾರಕ್ಕ ಹಗ್ಗ ಹಾಕಿ ಕಂಬಕ್ಕ ಕಟ್ಟಿದ್ದೆ. ಗಾಳಿಪಟದಂಗ ಹಾರ್ತಿದ್ದಿ!"

"ಹಗ್ಗ ಕುತ್ತಿಗಿಗೆ ಸುತ್ಕೊಂಡಿದ್ರ ಏನ್ ಮಾಡ್ತಿದ್ದಿ ಬೇ?"

ರೊಟ್ಟಿ ಬಡಿಯುವ ಸದ್ದು ನಿಂತಿತು. "ಅದಕ್ಕ ನಾ ಮಲಗ್ತಿದ್ದಿಲ್ಲ."

ದಾಕ್ಷಾಯಣಿ ನೋಡೋಣವೆಂದು ಮಗಳನ್ನು ತೆರೆದ ತೊಟ್ಟಿಲಲ್ಲಿ ಮಲಗಿಸಿ, ಮೇಲೆದ್ದರೆ ಹಿಡಿಯಲು ಕೈ ಅಡ್ಡ ಹಿಡಿದಳು. ಕೂಸು ಮೇಲೇಳಲಿಲ್ಲ. ಪುಟ್ಟ ಹಿಮ್ಮಡಿಯ ಕೆಳಗೆ ಬಟ್ಟೆ ಒಂದಿಷ್ಟು ತಗ್ಗಿತ್ತು. ಎತ್ತಿಕೊಂಡಾಗ ಮೊದಲ ಸಲ ಅವಳ ತೋಳಿಗೆ ಭಾರವೆನಿಸಿತು.

"ಇಳೀತೇನ?" ಅವ್ವ ಕೇಳಿದಳು.

ದಾಕ್ಷಾಯಣಿ ಆ ಭಾರವನ್ನು ಎದೆಗೊತ್ತಿಕೊಂಡಳು. ಆಮೇಲೆ ಮಗಳನ್ನು ಬಲೆಯ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಮುಚ್ಚಳದ ಜಿಪ್ ಎಳೆದಳು.

"ಇನ್ನೂ ಇಲ್ಲ ಬೇ. ಮುಚ್ಚಳದ್ದ ಇರಲಿ."

ಇನ್ನು ನಾಲ್ಕು ದಿನ, ಸೋಮವಾರದವರೆಗೆ, ಮಗಳು ಇಳಿದಿಲ್ಲ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.