ಮಹಡಿಯ ಬಾಕಿಗೆ ಮೂರು ವರ್ಷ

ಮಹಡಿ ಕಟ್ಟಿ ಮುಗಿಸಿ ಮೂರು ವರ್ಷ ತುಂಬಿದ ಮರುದಿನ ತಿಮ್ಮಪ್ಪಯ್ಯನವರು ಖುಷಿಗೆ ಎರಡು ಲೋಟ ಕಾಫಿ ಕುಡಿದರು. ಮೇಸ್ತ್ರಿಗೆ ಎಂಬತ್ತು ಸಾವಿರ ಕೊಡುವುದು ಉಳಿದಿತ್ತು. ಮೂರು ವರ್ಷ ಕಳೆದರೆ ಅವನ ದಾವೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅಷ್ಟರೊಳಗೆ ಬಾಕಿ ಇದೆಯೆಂದು ಬರೆದು ಸಹಿ ಮಾತ್ರ ಹಾಕಬೇಡಿ, ಹಾಕಿದರೆ ಅಂದಿನಿಂದ ಮತ್ತೆ ಮೂರು ವರ್ಷದ ಎಣಿಕೆ ಶುರು ಎಂದು ವಕೀಲ ಭಾವಮೈದುನ ಹೇಳಿಕೊಟ್ಟಿದ್ದ. ಅಂದಿನಿಂದ ಅವರು ಅಂಚೆಯವನಿಗೂ ಸಹಿ ಹಾಕಿದವರಲ್ಲ.

ಅಷ್ಟರಲ್ಲಿ ಮೇಸ್ತ್ರಿ ಮುನಿವೆಂಕಟಪ್ಪನೇ ಬಾಗಿಲಿಗೆ ಬಂದ.

"ಬಾ ಮೇಸ್ತ್ರಿ, ಕಾಫಿ ಕುಡಿ. ದುಡ್ಡು ಮಾತ್ರ ಕೇಳ್ಬೇಡ. ನಿನ್ನೆಗೆ ಗಡುವು ಮುಗೀತು."

"ಗೊತ್ತು ಸ್ವಾಮಿ, ನಾನೂ ವಕೀಲರನ್ನ ಕೇಳ್ದೆ. ನಿಮ್ಮ ಕೈಬರಹ ಇಲ್ದಿದ್ರೆ ಮರೆತುಬಿಡು ಅಂದ್ರು."

"ಸರಿಯಾಗೇ ಹೇಳಿದ್ದಾರೆ. ನಿನಗೆ ಒಂದಕ್ಷರ ಬರ್ಕೊಟ್ಟಿದೀನೇನಯ್ಯ?" ತಿಮ್ಮಪ್ಪಯ್ಯನವರು ಹೊಟ್ಟೆ ಕುಲುಕಿಸಿ ನಕ್ಕರು.

"ನನಗೇ ಬರೀಬೇಕು ಅಂತಿಲ್ವಂತೆ ಸ್ವಾಮಿ. ಯಾರಿಗೆ ಬರೆದಿದ್ರೂ ನಡೀತದಂತೆ," ಎನ್ನುತ್ತ ಮೇಸ್ತ್ರಿ ಜೇಬಿನಿಂದ ಕುಂಕುಮ ಮೆತ್ತಿದ ಚೀಟಿಯೊಂದನ್ನು ತೆಗೆದು ಬಿಡಿಸಿದ. "ನಿನ್ನೆ ಗುಡೀಲಿ ಹುಂಡಿ ಎಣಿಸೋಕೆ ನನ್ನನ್ನೂ ಕರೆದಿದ್ರು."

ಚೀಟಿಯಲ್ಲಿ ಕಳೆದ ತಿಂಗಳ ತಾರೀಖಿತ್ತು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಸ್ವಾಮಿ ವೆಂಕಟರಮಣಾ, ಮಹಡಿ ಕಟ್ಟಿದ್ದಕ್ಕೆ ಮೇಸ್ತ್ರಿ ಮುನಿವೆಂಕಟಪ್ಪನಿಗೆ ನಾನು ಕೊಡಬೇಕಾದ ಎಂಬತ್ತು ಸಾವಿರ ರೂಪಾಯಿಗೆ ಅವನು ಗಡುವಿನೊಳಗೆ ಕೋರ್ಟಿಗೆ ಹೋಗದಂತೆ ನೋಡಿಕೋ, ನಿನಗೆ ಐನೂರೊಂದು ಹಾಕುತ್ತೇನೆ. ಇಂತಿ ನಿನ್ನ ಪಾದಸೇವಕ, ತಿಮ್ಮಪ್ಪಯ್ಯ (ಸಹಿ)."