ಪರದೆಯ ದಾನಿಗಳು

ಮೂರನೆಯ ಗಂಟೆ ಬಾರಿಸಿದರೂ ಪರದೆ ಏಳಲಿಲ್ಲ. ರಾಣಿಯ ವೇಷದಲ್ಲಿ ಸಿದ್ಧಳಾಗಿದ್ದ ಗುರುಬಾಯಿ ಪಕ್ಕಕ್ಕೆ ಹೋಗಿ ನೋಡಿದರೆ, ಕಬ್ಬಿನ ಧಣಿ ಚನಮಲ್ಲಪ್ಪ ಪರದೆಯ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದರು.

“ಏರಿಸಬ್ಯಾಡ್ರಿ! ಪರದಿ ಮ್ಯಾಲ ಹೋದ್ರ ನನ್ನ ಹೆಸರೂ ಸುತ್ತಕೊಂಡು ಹೋಗ್ತೈತಿ.”

ಮಾತು ಸುಳ್ಳಲ್ಲ. ಮುಧೋಳದ ಆ ನಾಟಕಗೃಹ ರಾಜರ ಕಾಲದ್ದು. ಆಮೇಲೆ ಬಹಳ ವರ್ಷ ಗೊಬ್ಬರದ ಗೋದಾಮಾಗಿ, ಈಗ ದಾನಿಗಳ ಕೃಪೆಯಿಂದ ಮತ್ತೆ ಎದ್ದು ನಿಂತಿತ್ತು. ಕೊಟ್ಟವರು ಸುಮ್ಮನೆ ಕೊಟ್ಟಾರೆಯೇ? ಫ್ಯಾನಿನ ರೆಕ್ಕೆಗೂ ಹೆಸರು ಬರೆಸಿದ್ದರು. ಟ್ಯೂಬ್‌ಲೈಟುಗಳಲ್ಲಂತೂ ಬೆಳಕಿಗಿಂತ ಅಕ್ಷರವೇ ಹೆಚ್ಚು. ಪರದೆ ಚನಮಲ್ಲಪ್ಪನವರದು. ಅವರ ಹೆಸರು, ತಂದೆಯ ಹೆಸರು, ಊರು, ಬಿರುದು ಎಲ್ಲ ಸೇರಿ ಪರದೆ ತುಂಬಿ, ತಳದಲ್ಲಿ ಮೊಳಕಾಲೆತ್ತರದ ಬಟ್ಟೆ ಮಾತ್ರ ಖಾಲಿ ಉಳಿದಿತ್ತು.

ಗುರುಬಾಯಿಯ ಸಂಕಟವೇ ಬೇರೆ. “ಇಲ್ಲೇ ನಾ ರಾಣಿ ಆಗಿದ್ದೆ” ಎಂದಾಗಲೆಲ್ಲ ಮೊಮ್ಮಗಳು ಪ್ರೀತಿ ಕಿಸಕ್ಕೆಂದು ನಗುತ್ತಿದ್ದಳು. ಇವತ್ತು ಆ ಹುಡುಗಿ ಮೊದಲ ಸಾಲಿನಲ್ಲೇ ಕುಳಿತಿದ್ದಳು. ಅವಳಿಗೊಮ್ಮೆ ಆ ರಾಣಿಯ ಮುಖ ತೋರಿಸಲೆಂದೇ ಮುದುಕಿ ಮತ್ತೆ ಬಣ್ಣ ಹಚ್ಚಿದ್ದಳು.

“ಹಂಗಾದ್ರ ಪರದಿ ಮುಂದ ಬಂದು ಮಾಡ್ತೀವ್ರಿ” ಎಂದಳು.

“ಮುಂದ ನಿಂತ್ರ ಹೆಸರಿಗೆ ಅಡ್ಡ ಆಗ್ತೀರಿ ಬೇ!”

“ಮತ್ತ ಜನ ಏನ್ ನೋಡಬೇಕ್ರಿ ಸಾವಕಾರ್ರ?”

“ಯಾಕ, ಅವರಿಗೆ ಓದಾಕ ಬರಂಗಿಲ್ಲೇನು?”

ಕಮಿಟಿಯ ಅಧ್ಯಕ್ಷ ಬಾಳಾಸಾಹೇಬ ಓಡಿಬಂದು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ತೀರ್ಪು ಕೊಟ್ಟ: ಅಕ್ಷರಕ್ಕೆ ಧಕ್ಕೆಯಾಗದ ಹಾಗೆ ಪರದೆ ಮೊಳಕಾಲಿನವರೆಗೆ ಏಳಲಿ.

ನಾಟಕ ಹಾಗೆಯೇ ನಡೆಯಿತು. ರಾಜನ ಮೋಜಡಿ ಬಂತು, ಸೇನಾಪತಿಯ ಬೂಟು ಬಂತು, ಸಖಿಯರ ಗೆಜ್ಜೆ ಬಂತು. ಗುರುಬಾಯಿ ಕಣ್ಣೀರು ಸುರಿಸಿ ಹಾಡಿದಳು. ಚಪ್ಪಾಳೆ ಬಿದ್ದಾಗ, ಸಭೆಯಲ್ಲಿ ಹೋಗಿ ಕುಳಿತಿದ್ದ ಚನಮಲ್ಲಪ್ಪ ಎದ್ದು ನಿಂತು ಜನರಿಗೆ ಕೈ ಮುಗಿದರು.

ಪ್ರೀತಿ ಒಳಗೆ ಬರುವಷ್ಟರಲ್ಲಿ ಗುರುಬಾಯಿ ಸಿಟ್ಟಿನಿಂದ ಮುಖದ ಬಣ್ಣವನ್ನೆಲ್ಲ ಒರೆಸಿ ಹಾಕಿದ್ದಳು.

“ಆಯಿ, ಅದ್ರಾಗ ನಿನ್ನ ಕಾಲು ಯಾವು?”

ಗುರುಬಾಯಿಗೆ ಅಳುವೇ ಬಂತು. ಆದರೂ ನೆಲಕ್ಕೆ ಕುಳಿತು, ಸೀರೆಯ ನಿರಿಗೆ ಎತ್ತಿ, ಎರಡೂ ಕಾಲುಗಳನ್ನು ಮೊಮ್ಮಗಳ ಮುಂದೆ ಚಾಚಿದಳು.

“ಇವು ನೋಡವ್ವ. ರಾಣೀವು.”